ಮೈಮೇಲಿದ್ದದ್ದು ಲಗೇಜಲ್ಲ

ಶಿಬಿರದಿಂದ ಬಂದ ಪತ್ರದ ಐದನೆಯ ಸಾಲನ್ನು ಪಾರ್ಸೆಲ್ ಗುಮಾಸ್ತರು ಓದಿದರು, ಆರನೆಯ ಸಾಲನ್ನು ಅವರ ಹೆಂಡತಿ ಓದಿದರು. ರಾದ್ಧಾಂತ ಶುರುವಾದದ್ದೇ ಅಲ್ಲಿಂದ.

ಐದನೆಯ ಸಾಲು ಹೀಗಿತ್ತು: ‘ಒಬ್ಬರಿಗೆ ಒಂದೇ ಚೀಲ. ತೂಕ ಹದಿನೈದು ಕಿಲೋ ಮೀರಕೂಡದು. ಬಸ್ ಹತ್ತುವ ಮುನ್ನ ತೂಗಲಾಗುವುದು. ಹಾಕಿ ಸ್ಟಿಕ್ಕನ್ನು ಕೈಯಲ್ಲಿ ಹಿಡಿದುಕೊಳ್ಳಬಹುದು.’ ಬೇರೆ ಯಾರಾದರೂ ಆಗಿದ್ದರೆ ಗೊಣಗುತ್ತಿದ್ದರು. ಗುಮಾಸ್ತರಿಗೆ ಮಾತ್ರ ಮೈಯೆಲ್ಲ ಪುಳಕವಾಯಿತು. ಹತ್ತೊಂಬತ್ತು ವರ್ಷ ಅಂಚೆ ಕಚೇರಿಯ ಪಾರ್ಸೆಲ್ ಕೌಂಟರಿನಲ್ಲಿ ಕೂತು ತೂಗಿದವರು ಅವರು. ಜನ ಹಿಂದಿನಿಂದ ಅವರನ್ನು ‘ತಕ್ಕಡಿಯಪ್ಪ’ ಎನ್ನುತ್ತಿದ್ದರು. ಹೋದ ವರ್ಷ ಒಬ್ಬ ಪುಸ್ತಕದಂಗಡಿಯವನ ಪಾರ್ಸೆಲ್ಲು ಮೂವತ್ತು ಗ್ರಾಂ ಹೆಚ್ಚಿತ್ತು. ಹೊಲಿದು, ಅರಗು ಹಾಕಿ ತಂದಿದ್ದ ಆ ಗಂಟನ್ನು ಕೌಂಟರಿನ ಮುಂದೆಯೇ ಬಿಚ್ಚಿಸಿ, ಒಂದು ಕಿರುಪುಸ್ತಕ ಹೊರಗೆ ತೆಗೆಸಿ, ಮತ್ತೆ ಹೊಲಿಸಿದ್ದರು. ಹಿಂದೆ ನಿಂತಿದ್ದ ಹದಿನಾಲ್ಕು ಜನ ಅವನ ಸೂಜಿಗೆ ದಾರ ಪೋಣಿಸಲು ಸಲಹೆ ಕೊಟ್ಟಿದ್ದರು.

ಹಾಗಂತ ಗುಮಾಸ್ತರು ಕಲ್ಲೆದೆಯವರೇನಲ್ಲ. ಇನ್ನೊಮ್ಮೆ ಒಬ್ಬ ಅಜ್ಜಿ ತೂಕ ಮೀರಿದ ಗಂಟಿನಿಂದ ಶಾಲು ತೆಗೆದು ಹೊದ್ದುಕೊಂಡಾಗ, “ಮೈಮೇಲಿದ್ದದ್ದು ಪಾರ್ಸೆಲ್ಲಲ್ಲ ತಾಯಿ” ಎಂದು ನಗುತ್ತಲೇ ಮೊಹರು ಒತ್ತಿದ್ದರು. ನಿಯಮ ಅಂದರೆ ನಿಯಮ, ಅಷ್ಟೆ.

ಇನ್ನು ಹಾಕಿಯ ವಿಷಯ. ಕಚೇರಿಯ ತಂಡದಲ್ಲಿ ಅವರು ಹನ್ನೊಂದು ವರ್ಷ ಆಡಿದ್ದರು. ಆಡಿದ್ದರು ಅನ್ನುವುದಕ್ಕಿಂತ ನಿಂತಿದ್ದರು ಅನ್ನುವುದೇ ಸರಿ. ಆಳು ಅಗಲವಾಗಿದ್ದದ್ದರಿಂದ ಮೊದಲ ದಿನವೇ ಗೋಲಿನ ಬಾಯಿಗೆ ನಿಲ್ಲಿಸಿದವರು ಆಮೇಲೆ ಅವರನ್ನು ಅಲ್ಲಿಂದ ಕದಲಿಸಲೇ ಇಲ್ಲ. ಜೊತೆಯವರು ಗೋಲು ಹೊಡೆದು ಒಬ್ಬರನ್ನೊಬ್ಬರು ತಬ್ಬಿ ಕುಣಿಯುವಾಗ ಇವರು ಮೈದಾನದ ಇನ್ನೊಂದು ತುದಿಯಲ್ಲಿ ಒಬ್ಬರೇ ಚಪ್ಪಾಳೆ ತಟ್ಟುತ್ತಿದ್ದರು. ಜೀವಮಾನದಲ್ಲಿ ಒಂದು, ಒಂದೇ ಒಂದು ಗೋಲು ಹೊಡೆಯಬೇಕು ಎನ್ನುವ ಆಸೆ ಅವರನ್ನು ಒಳಗೊಳಗೇ ಕೊರೆಯುತ್ತಿತ್ತು. ನಲವತ್ತು ದಾಟಿದವರಿಗಾಗಿ ಐದು ದಿನದ ಮೋಜಿನ ಹಾಕಿ ಶಿಬಿರ ಎಂದು ಗೊತ್ತಾದ ದಿನವೇ ಅರ್ಜಿ ಹಾಕಿದರು. ‘ಆಡುವ ಸ್ಥಾನ’ ಎಂಬಲ್ಲಿ ಮುಂದೆ ನುಗ್ಗಿ ಗೋಲು ಹೊಡೆಯುವ ‘ಫಾರ್ವರ್ಡ್’ ಎಂದು ಬರೆದು ಕೆಳಗೆ ಎರಡು ಗೆರೆ ಎಳೆದರು. ತೆಳ್ಳನೆಯ ನೀಲಿ ಸ್ಟಿಕ್ಕೊಂದನ್ನೂ ಕೊಂಡು ತಂದರು.

ಹೊರಡುವ ದಿನ ಬೆಳಿಗ್ಗೆ ಚೀಲ ಸಿದ್ಧವಾಯಿತು. ಬೂಟು, ಮೊಣಕಾಲಿನ ಕೆಳಗಿನ ಪಟ್ಟಿ, ಹಲ್ಲಿಗೆ ಕಚ್ಚಿಕೊಳ್ಳುವ ರಬ್ಬರಿನ ಕವಚ, ಹೊದಿಕೆ, ತಟ್ಟೆ, ಲೋಟ ಎಲ್ಲ ತುಂಬಿ, ಬಾಗಿಲಿನ ಕೊಕ್ಕೆಗೆ ಸ್ಪ್ರಿಂಗ್ ತಕ್ಕಡಿ ನೇತುಹಾಕಿ ತೂಗಿದರು. ಹದಿನಾಲ್ಕು ಕಿಲೋ ಒಂಬೈನೂರ ಎಂಬತ್ತು ಗ್ರಾಂ! ಗುಮಾಸ್ತರು ಎರಡು ಹೆಜ್ಜೆ ಹಿಂದೆ ಸರಿದು ಕೈಕಟ್ಟಿ ನಿಂತು ಅದನ್ನೇ ನೋಡಿದರು.

“ರೀ, ಇದೇನಿದು ಆರನೇದು?” ಹೆಂಡತಿ ಪತ್ರ ಹಿಡಿದುಕೊಂಡು ಬಂದರು. “‘ಮೈ ರಕ್ಷಣೆಗೆ ಬೇಕಾದ ಸಾಮಾನನ್ನು ಅವರವರೇ ತರತಕ್ಕದ್ದು.’ ನೀವೇನ್ ತಗೊಂಡಿದೀರಾ?”

“ಕಾಲಿಗೆ ಪಟ್ಟಿ ಇದೆ, ಬಾಯಿಗೆ ರಬ್ಬರ್ ಇದೆ.”

“ಎದೆಗೆ?”

“ಎದೆಗೆ ಯಾಕೆ? ನಾನು ಫಾರ್ವರ್ಡು. ಹಗುರಾಗಿ ಓಡ್ಬೇಕು.”

“ನಿಮ್ಮ ಕಚೇರಿ ಆಟದಲ್ಲಿ ಪಕ್ಕೆ ನೋಯಿಸ್ಕೊಂಡು ಬಂದು ಎರಡು ವಾರ ಎದ್ದು ಕೂರೋಕೂ ನನ್ನ ಕೈ ಹಿಡೀತಿದ್ರಿ. ಮರ್ತೋಯ್ತಾ? ಎದೆಗೆ ಏನೂ ಇಲ್ದೆ ನಾನು ಕಳ್ಸಲ್ಲ, ನೋಡಿ.”

ಅವರು ಸೋಫಾ ಹೊಲಿಯುವ ಕಾರ್ಖಾನೆಯಲ್ಲಿ ಮೇಲ್ವಿಚಾರಕಿ. ಕತ್ತರಿಗೂ ಬಾಯಿಗೂ ಒಂದೇ ವೇಗ. ಮುಕ್ಕಾಲು ಗಂಟೆಯಲ್ಲಿ ನಾಲ್ಕು ಬೆರಳು ದಪ್ಪದ ಸ್ಪಂಜಿಗೆ ಬಟ್ಟೆ ಹೊಲಿದು, ಬೆನ್ನಿನ ಕಡೆ ಲಾಡಿ ಕಟ್ಟುವಂಥ ಒಂದು ಅಂಗಿ ತಯಾರಾಯಿತು. “ಕುತ್ತಿಗೆಗೂ ಇರ್ಲಿ” ಎಂದು ಕಿವಿಯವರೆಗೆ ಬರುವ ಕಾಲರನ್ನೂ ಇಟ್ಟರು. ಅದನ್ನು ತೊಡಿಸಿ ನೋಡುವಾಗ ಅವರ ಕಣ್ಣು ಒದ್ದೆಯಾದದ್ದನ್ನು ಕಂಡು ಗುಮಾಸ್ತರು ತಕರಾರು ನುಂಗಿಕೊಂಡರು. ಹೆಂಡತಿಯ ಮೇಲೆ ಅವರಿಗೆ ಜೀವ.

ವಿಷಯ ಅಷ್ಟಕ್ಕೇ ಮುಗಿಯಬಹುದಿತ್ತು. ಆದರೆ ಹೊಲಿಗೆ ಯಂತ್ರದ ಸದ್ದು ಕೇಳಿ ಪಕ್ಕದ ಮನೆಯ ಹಲ್ಲಿನ ಡಾಕ್ಟ್ರಮ್ಮ ಇಣುಕಿದರು.

“ಹಾಕಿನಾ? ಮುಂದಿನ ಎರಡು ಹಲ್ಲಿಗೆ ಗ್ಯಾರಂಟಿ ಕೊಟ್ಟಿರೋಳು ನಾನು. ಬರೀ ರಬ್ಬರ್ ನಂಬಿ ಕಳ್ಸೋಕಾಗಲ್ಲ” ಎಂದು ತಮ್ಮ ಸ್ಕೂಟರಿನ ಹೆಲ್ಮೆಟ್ ತಂದು ಚೀಲದ ಮೇಲಿಟ್ಟರು. ಮುಖದ ಮೇಲೆ ಗಾಜು ಇಳಿಯುವಂಥ ದೊಡ್ಡ ಹೆಲ್ಮೆಟ್ಟು.

ಡಾಕ್ಟ್ರಮ್ಮ ಕೊಟ್ಟ ಮೇಲೆ ಮೇಲಿನ ಮಹಡಿಯ ನಿವೃತ್ತ ಡ್ರಿಲ್ ಮೇಷ್ಟ್ರು ಸುಮ್ಮನಿದ್ದಾರೆಯೇ? “ಮಂಡಿ ಹೋದ್ರೆ ಮನುಷ್ಯ ಹೋದ ಹಾಗೆ” ಎನ್ನುತ್ತಾ ಅಟ್ಟದಿಂದ ತಮ್ಮ ಹಳೆಯ ಕ್ರಿಕೆಟ್ ಪ್ಯಾಡುಗಳನ್ನು ಇಳಿಸಿಕೊಂಡು ಬಂದರು. ಅವುಗಳಿಂದ ಒಂದು ಇರುವೆ ಸಾಲು ಹೊರಟು ನಡುಮನೆ ದಾಟಿ ಅಡುಗೆಮನೆಗೆ ಹೋಯಿತು.

“ಮೇಷ್ಟ್ರೇ, ಹಾಕಿಲಿ ಇದನ್ನ ಯಾರೂ ಕಟ್ಟಲ್ಲ.”

“ಯಾರೂ ಕಟ್ಟಲ್ಲ ಅಂತ ನೀವೂ ಮಂಡಿ ಮುರ್ಕೊಳ್ತೀರಾ?”

ಅಷ್ಟರಲ್ಲಿ ಬೇಕರಿಯಲ್ಲಿ ಕೆಲಸ ಮಾಡುವ ಭಾವಮೈದ, ಬಸ್ ನಿಲ್ದಾಣಕ್ಕೆ ಕರೆದೊಯ್ಯಲು ವ್ಯಾನು ತಂದ. ಎಲ್ಲರೂ ಏನಾದರೊಂದು ಕೊಟ್ಟಿದ್ದಾರೆ, ತಾನು ಮಾತ್ರ ಬರಿಗೈಯಲ್ಲಿ ಬಂದಿದ್ದಾನೆ ಎಂದು ಅವನಿಗೆ ನಾಚಿಕೆಯಾಯಿತು. ವ್ಯಾನಿಗೆ ಓಡಿ, ಕಾದ ತಟ್ಟೆ ಹಿಡಿಯುವ ದಪ್ಪ ಕೈಗವಸುಗಳನ್ನು ತಂದ. ಮೊಣಕೈ ಮುಟ್ಟುವಷ್ಟು ಉದ್ದ. “ಭಾವ, ಬೆರಳು ಜೋಪಾನ. ನಾಳೆ ತೂಗೋಕೆ ಬೇಕಲ್ಲ!”

ಗುಮಾಸ್ತರು ಮತ್ತೆ ತೂಗಿದರು. ನಡುವೆ ಹೆಂಡತಿ ಸೇರಿಸಿದ್ದ ನೋವಿನ ಮುಲಾಮಿನ ಐವತ್ತು ಗ್ರಾಂ ಡಬ್ಬಿಯೂ ಸೇರಿ ಇಪ್ಪತ್ತು ಕಿಲೋ ನಾನೂರ ಮೂವತ್ತು ಗ್ರಾಂ. ಏನನ್ನಾದರೂ ಗುಟ್ಟಾಗಿ ಮನೆಯಲ್ಲೇ ಬಿಡೋಣವೆಂದರೆ, ಕೊಟ್ಟವರೆಲ್ಲ ಬೀಳ್ಕೊಡಲು ವ್ಯಾನು ಹತ್ತಿ ಕೂತಾಗಿತ್ತು.

ಬಸ್ ನಿಲ್ದಾಣದಲ್ಲಿ ಶಿಬಿರದ ಕಾರ್ಯದರ್ಶಿ ತಕ್ಕಡಿ ಇಟ್ಟುಕೊಂಡು ಕೂತಿದ್ದ. ಅವನ ಮುಖ ನೋಡಿದ್ದೇ ಗುಮಾಸ್ತರು ಚೀಲವನ್ನು ಬೆನ್ನ ಹಿಂದೆ ಸರಿಸಿದರು.

“ನಮಸ್ಕಾರ ಸರ್. ಗುರುತು ಸಿಕ್ತಾ?” ಎಂದು ಪುಸ್ತಕದಂಗಡಿಯವನು ಮೀಸೆಯಡಿ ನಕ್ಕ. “ಮೂವತ್ತು ಗ್ರಾಂ.”

ಚೀಲ ತಕ್ಕಡಿಯ ಮೇಲೆ ಕೂತಿತು. ಅವನು ಅಂಕಿಯನ್ನು ಇಡೀ ನಿಲ್ದಾಣಕ್ಕೆ ಕೇಳುವಂತೆ ಓದಿದ. “ಐದು ಕಿಲೋ ನಾನೂರ ಮೂವತ್ತು ಗ್ರಾಂ ಹೆಚ್ಚು! ಬಿಚ್ಚಿ ಸರ್, ಇಲ್ಲೇ ಬಿಚ್ಚಿ. ಹತ್ತು ನಿಮಿಷದಲ್ಲಿ ಬಸ್ ಹೊರಡುತ್ತೆ. ನಿಯಮ ನಿಮಗೆ ನಾನು ಹೇಳ್ಬೇಕಾ?”

ಸುತ್ತ ಜನ ಸೇರಿದರು. ನಾಲ್ವರು ದಾನಿಗಳೂ ತಮ್ಮದು ಹೊರಗೆ ಬೀಳುತ್ತದೋ ಇಲ್ಲವೋ ಎಂದು ಕಣ್ಣಿಟ್ಟು ನಿಂತರು. ಯಾರದನ್ನು ಬಿಟ್ಟರೂ ಜನ್ಮಪೂರ್ತಿ ಮುನಿಸು, ಯಾರದನ್ನೂ ಬಿಡದಿದ್ದರೆ ಬಸ್ಸಿಲ್ಲ, ಬಸ್ಸಿಲ್ಲದಿದ್ದರೆ ಗೋಲಿಲ್ಲ. ಗುಮಾಸ್ತರು ಕಣ್ಣು ಮುಚ್ಚಿದರು. ಶಾಲು ಹೊದ್ದ ಅಜ್ಜಿ ಕಣ್ಣೆದುರು ಬಂದರು.

“ಕಾರ್ಯದರ್ಶಿಗಳೇ, ಮೈಮೇಲಿದ್ದದ್ದು ಲಗೇಜಾ?” ಎಂದು ಕೇಳಿದರು.

“ಅಂದ್ರೆ?”

“ನಿಮ್ಮ ಪತ್ರದಲ್ಲಿ ಇರೋದು ಚೀಲ. ಮೈಮೇಲಿದ್ದದ್ದು ಲಗೇಜಲ್ಲ!”

ಅವನು ಪತ್ರ ತೆಗೆದು ಎರಡು ಸಲ ಓದಿದ. ಮುಖ ಹುಳ್ಳಗಾಯಿತು. ಗುಮಾಸ್ತರು ಆಗಲೇ ಕೈಗಳನ್ನು ಚಾಚಿ ನಿಂತಿದ್ದರು. ಹೆಂಡತಿ ಸ್ಪಂಜಿನ ಅಂಗಿ ತೊಡಿಸಿ ಬೆನ್ನಿಗೆ ಐದು ಗಂಟು ಹಾಕಿದರು. ಮೇಷ್ಟ್ರು ಮಂಡಿಯೂರಿ ಪ್ಯಾಡು ಬಿಗಿದರು. ಡಾಕ್ಟ್ರಮ್ಮ ಹೆಲ್ಮೆಟ್ ಇಟ್ಟರು. ಭಾವಮೈದ ಕೈಗವಸು ಹಾಕಿ, ಜಾರದಿರಲೆಂದು ಕೇಕಿನ ಡಬ್ಬಿ ಕಟ್ಟುವ ದಾರದಿಂದ ಮಣಿಕಟ್ಟಿಗೆ ಬಿಗಿದ. ಒಂದೊಂದು ಸಾಮಾನು ಮೈಗೇರಿದಾಗಲೂ ತಕ್ಕಡಿಯ ಅಂಕಿ ಇಳಿಯುತ್ತಿತ್ತು, ಜನ ಹೋ ಎನ್ನುತ್ತಿದ್ದರು.

“ಹದಿನೈದು ಕಿಲೋ ಮೂವತ್ತು ಗ್ರಾಂ!” ಪುಸ್ತಕದಂಗಡಿಯವನು ಕೂತಲ್ಲಿಂದ ಎದ್ದೇ ನಿಂತ. “ಮೂವತ್ತು ಗ್ರಾಂ ಹೆಚ್ಚು! ಬಿಡಲ್ಲ!”

ಇನ್ನೇನನ್ನಾದರೂ ಜೇಬಿಗೆ ಹಾಕಿಕೊಳ್ಳೋಣವೆಂದರೆ ಗುಮಾಸ್ತರ ಜೇಬುಗಳೆಲ್ಲ ಸ್ಪಂಜಿನ ಕೆಳಗೆ ಮುಚ್ಚಿಹೋಗಿದ್ದವು. ಆಗ ಡಾಕ್ಟ್ರಮ್ಮ ಚೀಲಕ್ಕೆ ಕೈಹಾಕಿ ರಬ್ಬರಿನ ಹಲ್ಲುಕವಚ ತೆಗೆದರು. “ಆ ಮಾಡಿ” ಎಂದರು. ಗುಮಾಸ್ತರು ಅಭ್ಯಾಸಬಲದಿಂದ ಬಾಯಿ ತೆರೆದರು. ಕವಚ ಒಳಗೆ ಹೋಯಿತು, ಹೆಲ್ಮೆಟ್ಟಿನ ಗಾಜು ಟಕ್ಕೆಂದು ಇಳಿಯಿತು.

ಹದಿನೈದು ಕಿಲೋ ಸೊನ್ನೆ ಸೊನ್ನೆ ಸೊನ್ನೆ.

ಅಂಥ ಚಪ್ಪಾಳೆ ಆ ನಿಲ್ದಾಣ ಕಂಡಿರಲಿಲ್ಲ. ಹೂಕೋಸು ಮಾರುವವಳು ಶಿಳ್ಳೆ ಹಾಕಿದಳು. ಬೇರೆ ಬಸ್ಸಿನ ಡ್ರೈವರೊಬ್ಬ ಹಾರ್ನು ಬಾರಿಸಿದ. ಭಾವಮೈದ ನೀಲಿ ಸ್ಟಿಕ್ಕನ್ನು ಕಂಕುಳಿಗೆ ಸಿಕ್ಕಿಸಿದ, ಗುಮಾಸ್ತರು ಅಡ್ಡಡ್ಡವಾಗಿ ಮೆಟ್ಟಿಲೇರಿದರು. ಹನ್ನೊಂದು ವರ್ಷ ಇನ್ನೊಬ್ಬರಿಗೆ ಚಪ್ಪಾಳೆ ತಟ್ಟಿದ ಕೈಗಳಿಗೆ ಇವತ್ತು ಬಿಡುವು ಸಿಕ್ಕಿತ್ತು. ಗಾಜಿನೊಳಗೆ ಅವರು ಅಳುತ್ತಿದ್ದರು, ನಗುತ್ತಲೂ ಇದ್ದರು.

ಸೀಟಿನಲ್ಲಿ ಹಿಡಿಸಲಿಲ್ಲವಾದ್ದರಿಂದ ಎರಡು ಗಂಟೆ ನಿಂತೇ ಹೋದರು. ಬಿಚ್ಚೋಣವೆಂದರೆ ಗಂಟು ಬೆನ್ನಿನಲ್ಲಿ, ಬೆರಳು ಕೈಗವಸಿನಲ್ಲಿ, ಕೈಗವಸಿನ ದಾರ ಕಚ್ಚೋಣವೆಂದರೆ ಹಲ್ಲು ರಬ್ಬರಿನಲ್ಲಿ. ಇರಲಿ, ಮೈದಾನಕ್ಕೆ ಹೋಗಿ ಬಿಚ್ಚಿಸಿಕೊಂಡರಾಯಿತು, ಗೆದ್ದ ಮೇಲೆ ಅವಸರವೇನು ಎಂದುಕೊಂಡರು. ಕಣ್ಣು ಮುಚ್ಚಿ ನೀಲಿ ಸ್ಟಿಕ್ಕಿನಿಂದ ಗೋಲಿನ ಮೇಲೆ ಗೋಲು ಬಾರಿಸಿದರು.

ಮೈದಾನದಲ್ಲಿ ತರಬೇತುದಾರರು ಹೆಸರಿನ ಪಟ್ಟಿ ಹಿಡಿದು ತಲೆಯ ಮೇಲೆ ಕೈಹೊತ್ತು ಕೂತಿದ್ದರು. ಇಪ್ಪತ್ತೆರಡು ಜನ ಅರ್ಜಿ ಹಾಕಿದ್ದರು. ಇಪ್ಪತ್ತೆರಡು ಜನವೂ ‘ಫಾರ್ವರ್ಡ್’ ಎಂದೇ ಬರೆದಿದ್ದರು, ಕೆಲವರು ಕೆಳಗೆ ಗೆರೆ ಬೇರೆ ಎಳೆದಿದ್ದರು. ಬಸ್ಸಿನ ಬಾಗಿಲು ತೆರೆಯಿತು. ತಲೆಗೆ ಹೆಲ್ಮೆಟ್ಟು, ಎದೆಗೆ ದಪ್ಪ ಕವಚ, ತೊಡೆಯವರೆಗೆ ಪ್ಯಾಡು, ಮೊಣಕೈವರೆಗೆ ಕೈಗವಸು ತೊಟ್ಟ ಅಗಲವಾದ ಮನುಷ್ಯರೊಬ್ಬರು ಬಾಗಿಲು ತುಂಬಿಕೊಂಡು ಇಳಿದರು.

“ಅಯ್ಯೋ ಪುಣ್ಯಾತ್ಮ!” ತರಬೇತುದಾರರು ಓಡಿ ಬಂದು ತಬ್ಬಿಕೊಂಡರು. “ಗೋಲ್‌ಕೀಪರ್ ಇಲ್ಲ ಅಂತ ಬೆಳಿಗ್ಗೆಯಿಂದ ತಲೆ ಕೆಟ್ಟಿತ್ತು. ಐದು ದಿನವೂ ನೀವೇ ನಿಲ್ತೀರಿ ತಾನೆ?”

ಇಲ್ಲ ಎನ್ನಲು ಗುಮಾಸ್ತರು ಬಲವಾಗಿ ತಲೆಯಾಡಿಸಿದರು. ಸ್ಪಂಜಿನ ಕಾಲರು ತಲೆಯನ್ನು ಪಕ್ಕಕ್ಕೆ ತಿರುಗಲು ಬಿಡಲಿಲ್ಲ. ಮೇಲೆ ಕೆಳಗೆ ಮಾತ್ರ ಅಲ್ಲಾಡಿತು.

“ಮನೆಯಿಂದಲೇ ತಯಾರಾಗಿ ಬಂದಿದಾರೆ ಸರ್” ಎಂದು ಪುಸ್ತಕದಂಗಡಿಯವನು ಮುಂದೆ ಬಂದ. “ಹಾಕ್ಕೊಳ್ಳೋದನ್ನ ನಾನೇ ಕಣ್ಣಾರೆ ನೋಡಿದೀನಿ. ಊರೇ ಸಾಕ್ಷಿ ಇದೆ.”

ತರಬೇತುದಾರರು ನೀಲಿ ಸ್ಟಿಕ್ಕನ್ನು ತೆಗೆದುಕೊಂಡು ಗೋಲ್‌ಕೀಪರನ ಭಾರದ ಸ್ಟಿಕ್ಕನ್ನು ಅವರ ಕಂಕುಳಿಗಿಟ್ಟರು. ಎಲ್ಲರ ಚೀಲ ತೂಗುವ ಭರದಲ್ಲಿ ಪುಸ್ತಕದಂಗಡಿಯವನು ತನ್ನ ಸ್ಟಿಕ್ಕನ್ನೇ ಬಸ್ ನಿಲ್ದಾಣದಲ್ಲಿ ಮರೆತು ಬಂದಿದ್ದ. ನೀಲಿ ಸ್ಟಿಕ್ಕು ಅವನ ಪಾಲಾಯಿತು. ಬಾಯಿಯ ರಬ್ಬರು ಹೊರಬರುವಷ್ಟರಲ್ಲಿ ಮೊದಲ ಪಂದ್ಯದ ಅರ್ಧ ಮುಗಿದಿತ್ತು.

ಸಂಜೆ ಮನೆಗೆ ಫೋನು ಮಾಡಿದರು. ಆ ಕಡೆ ಇಡೀ ಕಟ್ಟಡ ಕಿವಿಗೊಟ್ಟು ಕೂತಿರುವುದು ಉಸಿರಾಟದಿಂದಲೇ ತಿಳಿಯುತ್ತಿತ್ತು.

“ರೀ, ಪೆಟ್ಟಾಗಿಲ್ಲ ತಾನೆ?”

“ಇಲ್ಲ ಕಣೇ. ಒಂದು ಗೀರೂ ಬಿದ್ದಿಲ್ಲ.”

“ಗೋಲು?”

ಗುಮಾಸ್ತರು ಕಿಟಕಿಯಾಚೆ ನೋಡಿದರು. ಅಂಗಳದಲ್ಲಿ ಪುಸ್ತಕದಂಗಡಿಯವನು ನೀಲಿ ಸ್ಟಿಕ್ಕು ತಿರುಗಿಸುತ್ತಾ ಜೊತೆಯವರಿಗೆ ಏನೋ ವರ್ಣಿಸುತ್ತಿದ್ದ.

“ನನ್ನ ಸ್ಟಿಕ್ಕಿಂದ ಇವತ್ತೊಂದೇ ದಿನ ನಾಲ್ಕು ಗೋಲಾಯ್ತು” ಎಂದರು.

ಫೋನಿನಲ್ಲಿ ಚಪ್ಪಾಳೆಯ ಮೇಲೆ ಚಪ್ಪಾಳೆ ಕೇಳಿಸಿತು. ಗುಮಾಸ್ತರು ಅಡ್ಡಿಪಡಿಸಲಿಲ್ಲ. ಹೇಳಿದ ಮಾತಿನಲ್ಲಿ ಗುಲಗಂಜಿ ತೂಕದಷ್ಟೂ ಸುಳ್ಳಿರಲಿಲ್ಲ.