ಟೀ ಪೆಟ್ಟಿಗೆಯ ಆಂಪ್ಲಿಫೈಯರ್

ಸಂಗೀತದ ಹುಚ್ಚು ಹಿಡಿದವರಲ್ಲಿ ವಾದ್ಯ ನುಡಿಸುವವರು ಇರುತ್ತಾರೆ, ವಾದ್ಯದ ಬಗ್ಗೆ ಮಾತಾಡುವವರೂ ಇರುತ್ತಾರೆ. ಮೊದಲನೆಯವರು ಮೂಲೆ ಹಿಡಿದು ಕೂತು, ಬೆರಳು ಸವೆಸಿಕೊಂಡು, ಮನೆಯವರಿಂದ ಬೈಸಿಕೊಂಡು, ಕೊನೆಗೊಂದು ದಿನ ಯಾವುದಾದರೂ ಸಭೆಯಲ್ಲಿ ಶಾಲು ಹೊದೆಸಿಕೊಳ್ಳುತ್ತಾರೆ. ಎರಡನೆಯವರಿಗೆ ಈ ಯಾವ ತಾಪತ್ರಯವೂ ಇಲ್ಲ. ತಂತಿ ಯಾವುದು ಒಳ್ಳೆಯದು, ಯಾವ ಮರಕ್ಕೆ ನಾದ ಜಾಸ್ತಿ, ತಂತಿ ಬಿಗಿಯುವ ಬಿರಡೆಗೆ ಎಣ್ಣೆ ಬಿಡಬೇಕೋ ಬೇಡವೋ ಎಂದು ವಾದಿಸುತ್ತಾ ಕಾಫಿ ಕುಡಿಯುವುದರಲ್ಲೇ ಅವರ ಜನ್ಮ ಸಾರ್ಥಕವಾಗುತ್ತದೆ. ನಾನು ಎರಡನೆಯ ಗುಂಪಿನವನು ಎಂದು ಇಷ್ಟು ವರ್ಷಗಳ ಮೇಲೆ ಒಪ್ಪಿಕೊಳ್ಳುವುದರಲ್ಲಿ ನನಗೆ ನಷ್ಟವೇನಿಲ್ಲ. ನನ್ನ ಗಿಟಾರಿನ ಬಗ್ಗೆ ನಾನು ಮೂರು ವರ್ಷ ಬಿಡುವಿಲ್ಲದೆ ಮಾತಾಡಿದ್ದೇನೆ. ನುಡಿಸಿದ್ದೆಷ್ಟು ಎಂದು ಮಾತ್ರ ಈಗಲೇ ಕೇಳಬೇಡಿ, ಅದನ್ನು ನಾನೇ ಹೇಳುತ್ತೇನೆ.

ಅರವತ್ತರ ದಶಕದ ಮಾತು. ಆಗ ನಾನು ಭದ್ರಾವತಿಯ ಕಾರ್ಖಾನೆಯೊಂದರಲ್ಲಿ ಗುಮಾಸ್ತ; ಮನೆ ಶಿವಮೊಗ್ಗದ ಕೋಟೆ ಬೀದಿಯಲ್ಲಿ. ಬೆಳಿಗ್ಗೆ ರೈಲಿನಲ್ಲಿ ಹೋಗುವುದು, ಸಂಜೆ ರೈಲಿನಲ್ಲಿ ಬರುವುದು. ಒಮ್ಮೆ ಕಾರ್ಖಾನೆಯ ಇಂಜಿನಿಯರೊಬ್ಬರು ಕೆಲಸ ಬಿಟ್ಟು ಬೇರೆ ಊರಿಗೆ ಹೊರಟವರು ಕ್ವಾರ್ಟರ್ಸಿನ ಮುಂದೆ ಮಂಚ, ಮೇಜು, ತೊಟ್ಟಿಲು ಎಲ್ಲ ಹರವಿ ಮಾರಾಟಕ್ಕೆ ಇಟ್ಟಿದ್ದರು. ಮನೆಗೊಂದು ಬೆತ್ತದ ಕುರ್ಚಿ ತರುತ್ತೇನೆಂದು ಹೋದವನು ಗಿಟಾರು ಹೊತ್ತುಕೊಂಡು ಬಂದೆ. ಅಮ್ಮ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಇದರ ಮೇಲೆ ಕೂರೋದು ಹ್ಯಾಗೋ?" ಎಂದಳು. ನಮ್ಮ ಬೀದಿಯವರಿಗೆಲ್ಲ ಅದೊಂದು ಬೊಜ್ಜು ಬಂದ ಪಿಟೀಲು. ನೋಡಲು ಬಂದವರು ಹೊಟ್ಟೆಯ ತೂತಿನೊಳಗೆ ಬಗ್ಗಿ ನೋಡಿ, ಒಳಗೇನೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಹೋದರು.

ಇನ್ನು ನಮ್ಮ ಅಪ್ಪಾಜಿ. ಅವರಿಗೆ ಕಿವಿ ಕೇಳಿಸುತ್ತಿರಲಿಲ್ಲ. ಕೋಟೆಯಲ್ಲೇ ನಮ್ಮದೊಂದು ಜವಳಿ ಅಂಗಡಿ. ಹಗಲು ಬಟ್ಟೆ ಅಳೆಯುವುದು, ಸೋಮವಾರ ಸಂಜೆ ಭಜನೆಗೆ ಹಾರ್ಮೋನಿಯಂ ನುಡಿಸುವುದು, ಇಷ್ಟೇ ಅವರ ಜೀವನವಾಗಿತ್ತು. ಆಮೇಲೆ ಕಿವಿ ಸೋರಲು ಶುರುವಾಗಿ ಮೊದಲು ಎಡಗಿವಿ ಹೋಯಿತು, ವರ್ಷ ಕಳೆಯುವುದರೊಳಗೆ ಬಲಗಿವಿಯೂ ಹೋಯಿತು. ಒಂದು ಸೋಮವಾರ ಭಜನೆಯವರು ಒಂದು ಹಾಡು ಮುಗಿಸಿ ಇನ್ನೊಂದಕ್ಕೆ ಹೋದ ಮೇಲೂ ಅಪ್ಪಾಜಿ ಹಿಂದಿನದನ್ನೇ ನುಡಿಸುತ್ತಿದ್ದರಂತೆ. ಅವರೇ ಎಲ್ಲರ ಮುಖ ನೋಡಿ ತಿಳಿದುಕೊಂಡು, ಪೆಟ್ಟಿಗೆ ಮುಚ್ಚಿ, ಅದನ್ನು ಭಜನೆಯವರಿಗೇ ಬಿಟ್ಟು ಮನೆಗೆ ಬಂದರು. ಮತ್ತೆ ಸಂಗೀತದ ಮಾತೆತ್ತಲಿಲ್ಲ. ಅಂಗಡಿಯಲ್ಲಿ ಗಿರಾಕಿಗಳ ತುಟಿ ನೋಡಿಯೇ ಮಾತು ತಿಳಿಯುತ್ತಿದ್ದರು. ಎಲೆಯಡಿಕೆ ಮೆಲ್ಲುತ್ತಾ ಬಂದವರ ಹತ್ತಿರ ಮಾತ್ರ ಕಷ್ಟ. ಅಂಥವರು ಪಂಚೆ ಕೇಳಿದರೆ ಕೆಲವು ಸಲ ರವಿಕೆಕಣ ಸಿಗುತ್ತಿತ್ತು.

ಗಿಟಾರು ಬಂದ ಹೊಸತರಲ್ಲಿ ಒಂದು ಸಂಜೆ ನಾನು ಪಡಸಾಲೆಯಲ್ಲಿ ಕೂತು ತಂತಿ ಮೀಟುತ್ತಿದ್ದೆ. ಅಪ್ಪಾಜಿ ಅಂಗಡಿಯಿಂದ ಬಂದವರು ಚಪ್ಪಲಿ ಬಿಡುವುದನ್ನೂ ಮರೆತು ನನ್ನ ಎದುರು ನಿಂತರು. ನನ್ನ ಬೆರಳು ನೋಡಿದರು, ಅದುರುತ್ತಿದ್ದ ತಂತಿ ನೋಡಿದರು, ಆಮೇಲೆ ಒಳಗೆ ಹೋದರು. ನನಗೆ ಸಂಕಟವಾಯಿತು. ಈ ಮನುಷ್ಯರಿಗೆ ಒಂದೇ ಒಂದು ಸಲವಾದರೂ ಇದು ಕೇಳಿಸಬೇಕು, ಎಷ್ಟು ಜೋರು ಮಾಡಿದರೆ ಕೇಳಿಸುತ್ತದೋ ಅಷ್ಟು ಜೋರು ಮಾಡಿಯೇ ಬಿಡಬೇಕು ಎಂದು ಆ ದಿನವೇ ನಿಶ್ಚಯ ಮಾಡಿದೆ. ಜೋರು ಮಾಡುವುದು ಅಂದರೆ ಆಂಪ್ಲಿಫೈಯರ್. ಆಂಪ್ಲಿಫೈಯರ್ ಅಂದರೆ ಗೌಸ್.

ಗೌಸ್ ನನ್ನ ಹೈಸ್ಕೂಲಿನ ಗೆಳೆಯ. ಬಜಾರಿನಲ್ಲಿ ಅವನದು ರೇಡಿಯೋ ರಿಪೇರಿ ಅಂಗಡಿ. ಅಂಗಡಿ ತುಂಬ ಹೊಟ್ಟೆ ಬಿಚ್ಚಿದ ರೇಡಿಯೋಗಳು. ಅವುಗಳ ಮಧ್ಯೆ ಅವನು ಒಂದು ಸ್ಟೂಲಿನ ಮೇಲೆ ಕೂತಿರುತ್ತಿದ್ದ. ಅವನಿಗೂ ಗಿಟಾರಿನ ಹುಚ್ಚಿತ್ತು, ಗಿಟಾರು ಇರಲಿಲ್ಲ. ಮೂರನೆಯವನು ಆರ್ಮುಗಂ, ನಮ್ಮ ಕಾರ್ಖಾನೆಯ ಫಿಟ್ಟರ್. ಅವರ ಅಜ್ಜ ಸೇಲಂ ಕಡೆಯಿಂದ ಬಂದವರು. ಇವನು ಹುಟ್ಟಿ ಬೆಳೆದದ್ದೆಲ್ಲ ಭದ್ರಾವತಿ. ಕಬ್ಬಿಣದಲ್ಲಿ ಏನು ಬೇಕಾದರೂ ಮಾಡುವ ಕೈ ಅವನದು. ಪ್ರತಿ ಭಾನುವಾರ ಅವನು ಸೈಕಲ್ಲಿನಲ್ಲಿ ಶಿವಮೊಗ್ಗಕ್ಕೆ ಬರುತ್ತಿದ್ದ, ನಾನು ಗಿಟಾರು ಹೊತ್ತು ಗೌಸನ ಅಂಗಡಿಗೆ ಹೋಗುತ್ತಿದ್ದೆ. ಅಲ್ಲಿ ಮೂವರೂ ಅದನ್ನು ಬೆಂಚಿನ ಮೇಲೆ ಮಲಗಿಸಿ, ಡಾಕ್ಟರುಗಳ ಹಾಗೆ ಸುತ್ತ ನಿಂತು ಮಾತಾಡುತ್ತಿದ್ದೆವು.

ಕಷ್ಟಗಳು ಒಂದೆರಡಲ್ಲ. ಶಿವಮೊಗ್ಗದಲ್ಲಿ ಗಿಟಾರಿನ ತಂತಿ ಎಲ್ಲಿ ಸಿಗಬೇಕು? ಒಂದು ತಂತಿ ಹರಿದಾಗ ಆರ್ಮುಗಂ ಸೈಕಲ್ ಬ್ರೇಕಿನ ಕೇಬಲ್ ಬಿಚ್ಚಿ ಅದರದೊಂದು ಎಳೆ ಕಟ್ಟಿದ. ನಾದವೇನೋ ಬಂತು, ಅದರ ಜೊತೆ ತುಕ್ಕೂ ಬಂತು. ಇನ್ನು ಶ್ರುತಿ. ಯಾವ ಸ್ವರಕ್ಕೆ ಸೇರಿಸಬೇಕು ಎಂದು ತಿಂಗಳುಗಟ್ಟಲೆ ಚರ್ಚೆಯಾದ ಮೇಲೆ, ದಿನವೂ ತಪ್ಪದೆ ಒಂದೇ ಥರ ಕೂಗುವುದು ಕಾರ್ಖಾನೆಯ ಸೈರನ್ ಮಾತ್ರ, ಅದನ್ನೇ ಆಧಾರ ಮಾಡಿಕೊಳ್ಳೋಣ ಎಂದು ಆರ್ಮುಗಂ ಸೂಚಿಸಿದ. ಗಿಟಾರು ಇದ್ದದ್ದು ಶಿವಮೊಗ್ಗದಲ್ಲಿ, ಸೈರನ್ ಇದ್ದದ್ದು ಭದ್ರಾವತಿಯಲ್ಲಿ. ಹಾಗಾಗಿ ಸಂಜೆ ಸೈರನ್ ಆದ ಕೂಡಲೇ ಅದರ ಸ್ವರವನ್ನು ಗುನುಗುತ್ತಾ ರೈಲು ಹತ್ತಿ, ಮನೆ ಮುಟ್ಟುವವರೆಗೂ ಬಾಯಲ್ಲಿ ಜೋಪಾನ ಮಾಡುವ ಕೆಲಸ ನನ್ನದಾಯಿತು. ದಾರಿಯಲ್ಲಿ ಯಾರಾದರೂ "ಏನ್ ಸಮಾಚಾರ?" ಅಂದರೆ ಶ್ರುತಿ ಹೋಯಿತು. ನಾನು ಯಾರನ್ನೂ ಮಾತಾಡಿಸದೆ ಮ್ಞೂಂ ಅನ್ನುತ್ತಾ ಕೂರುವುದನ್ನು ಕಂಡು, ಪಾಪ ಮಾದೇವನಿಗೆ ಮದುವೆಯಾಗಿಲ್ಲವಲ್ಲ, ಅದಕ್ಕೇ ಹೀಗಾಗಿದೆ ಎಂದು ರೈಲಿನವರು ಮಾತಾಡಿಕೊಂಡರಂತೆ.

ಪಿಕಪ್ಪಿನ ಕಥೆಯೇ ಬೇರೆ. ತಂತಿಯ ಅದುರಾಟವನ್ನು ಹಿಡಿದು ಕರೆಂಟು ಮಾಡುವ ಈ ಪುಟ್ಟ ಸಾಮಾನನ್ನು ನಮ್ಮಲ್ಲಿ ಯಾರೂ ಕಣ್ಣಾರೆ ಕಂಡಿರಲಿಲ್ಲ. ಆದರೂ ಅದರ ಮೇಲೆ ನಮಗೆ ಖಚಿತವಾದ ಅಭಿಪ್ರಾಯಗಳಿದ್ದವು. ಗೌಸ್ ಹಳೆಯ ಮಿಲಿಟರಿ ಹೆಡ್‌ಫೋನೊಂದನ್ನು ಒಡೆದು ಅದರ ಅಯಸ್ಕಾಂತ, ಸುರುಳಿ ತೆಗೆದು ಆರ್ಮುಗಂನ ಕೈಯಿಂದ ತಂತಿಗಳ ಕೆಳಗೆ ಹಾಕಿಸಿದ. ಕೂರಿಸುವುದು ಎಲ್ಲಿ ಎಂಬುದಕ್ಕೇ ಒಂದು ಮಳೆಗಾಲ ಕಳೆಯಿತು. ಸತ್ತ ರೇಡಿಯೋದ ವಾಲ್ವುಗಳನ್ನೂ ಸ್ಪೀಕರನ್ನೂ ಒಂದು ಟೀ ಪೆಟ್ಟಿಗೆಯೊಳಗೆ ಜೋಡಿಸಿ ಆಂಪ್ಲಿಫೈಯರ್ ಮಾಡಿದ. ಆಮೇಲೆ, ವಿದೇಶದಲ್ಲಿ ಗಿಟಾರಿನವರು ಕಾಲಿನಿಂದ ಪೆಡಲ್ ಒತ್ತಿ ಸದ್ದು ಏರಿಸಿ ಇಳಿಸುತ್ತಾರಂತೆ ಎಂದು ಎಲ್ಲೋ ಓದಿಕೊಂಡು ಬಂದ. ನಮಗೆ ಗೊತ್ತಿದ್ದ ಪೆಡಲ್ ಒಂದೇ, ಅಮ್ಮನ ಹೊಲಿಗೆ ಮಿಷನ್ನಿನದು. ಆರ್ಮುಗಂ ಅದನ್ನು ಬಿಚ್ಚಿ, ರೇಡಿಯೋ ಮುಳ್ಳು ಎಳೆಯುವ ದಾರದಿಂದ ಆಂಪ್ಲಿಫೈಯರಿನ ಸದ್ದು ತಿರುಗಿಸುವ ಗುಬುಟಿಗೆ ಕಟ್ಟಿದ. ಒತ್ತಿದರೆ ಜೋರಾಗುತ್ತಿತ್ತು, ಇಳಿಸಲು ಮಾತ್ರ ಒಬ್ಬರು ಬಗ್ಗಿ ಪೆಡಲನ್ನು ಎತ್ತಬೇಕಿತ್ತು. ಯುಗಾದಿಗೆ ಹೊಲಿಯಬೇಕಾಗಿದ್ದ ರವಿಕೆಗಳನ್ನು ಅಮ್ಮ ಕೈಯಲ್ಲೇ ಹೊಲಿದು ಮುಗಿಸಿದಳು. ಹೊಲಿಯುವಾಗ ನನ್ನ ಹೆಸರು ಬಹಳ ಸಲ ಬಂತು.

ಮೊದಲ ಸಲ ಗಿಟಾರಿಗೆ ವೈರು ಸಿಕ್ಕಿಸಿ ಸ್ವಿಚ್ ಹಾಕಿದಾಗ ಅದು ಅಡಿಕೆಯ ಕೊಳೆರೋಗದ ಬಗ್ಗೆ ಮಾತಾಡಿತು. ಭದ್ರಾವತಿಗೆ ಆಗತಾನೇ ರೇಡಿಯೋ ಸ್ಟೇಷನ್ ಬಂದಿತ್ತು. ನಮ್ಮ ಟೀ ಪೆಟ್ಟಿಗೆಗೆ ಗಿಟಾರಿಗಿಂತ ರೈತರ ಕಾರ್ಯಕ್ರಮವೇ ಸಲೀಸಾಗಿ ಸಿಕ್ಕುತ್ತಿತ್ತು. ಸುಣ್ಣ ಎಷ್ಟು, ಮೈಲುತುತ್ತ ಎಷ್ಟು, ಯಾವಾಗ ಸಿಂಪಡಿಸಬೇಕು ಎಲ್ಲವನ್ನೂ ನನ್ನ ಗಿಟಾರು ವಿವರವಾಗಿ ಹೇಳಿತು. ಪಕ್ಕದ ಅಡಿಕೆ ಮಂಡಿಯವರು ಬಂದು ನಿಂತು ಕೇಳಿ, ಒಳ್ಳೆ ಸಾಮಾನು ಮಾಡಿದ್ದೀರಿ ಎಂದು ಹೊಗಳಿ ಹೋದರು. ಅದನ್ನು ಸರಿ ಮಾಡಲು ಇನ್ನೊಂದು ವರ್ಷ ಹಿಡಿಯಿತು.

ಕೊನೆಗೂ ಒಂದು ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಎಲ್ಲವನ್ನೂ ನಮ್ಮ ಪಡಸಾಲೆಗೆ ತಂದು ಜೋಡಿಸಿದೆವು. ಅಪ್ಪಾಜಿಯನ್ನು ಸ್ಪೀಕರಿನಿಂದ ಎರಡು ಮೊಳ ದೂರದಲ್ಲಿ ಚಾಪೆಯ ಮೇಲೆ ಕೂರಿಸಿದೆವು. ಅವರಿಗೆ ವಿಷಯ ಗೊತ್ತಿತ್ತು. ಮಡಿಸಿಟ್ಟಿದ್ದ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದರು, ಭಜನೆಗೆ ಹೋಗುವಾಗ ಹಾಕಿಕೊಳ್ಳುತ್ತಿದ್ದದ್ದು. ಗೌಸ್ ಬಿಸ್ಮಿಲ್ಲಾ ಎಂದು ಸ್ವಿಚ್ ಹಾಕಿದ. ವಾಲ್ವುಗಳು ಕೆಂಪಗಾದವು. ಆರ್ಮುಗಂ ಪೆಡಲನ್ನು ಪೂರ್ತಿ ಒತ್ತಿದ. ನಾನು ತಂತಿ ಮೀಟಿದೆ. ಗೋಡೆಯ ಮೇಲಿದ್ದ ಫೋಟೋಗಳು ಅದುರಿದವು, ಬೀದಿಯ ನಾಯಿಗಳೆಲ್ಲ ಒಟ್ಟಿಗೆ ಬೊಗಳಿದವು, ಅಮ್ಮ ಅಡಿಗೆಮನೆಯಿಂದ ಓಡಿಬಂದಳು. ನಾವು ಮೂವರೂ ಅಪ್ಪಾಜಿಯ ಮುಖ ನೋಡಿದೆವು. ಅವರು ಮೂಗು ಅರಳಿಸಿ, "ಏನೋ ಸುಟ್ಟ ವಾಸನೆ ಬರ್ತಿದೆ ಕಣ್ರೋ" ಎಂದರು.

ಟ್ರಾನ್ಸ್‌ಫಾರ್ಮರು ಸುಟ್ಟಿತ್ತು. ಟೀ ಪೆಟ್ಟಿಗೆಯ ಬಿರುಕುಗಳಿಂದ ಹೊಗೆ ಬಂದು ಎಲ್ಲ ನಿಂತುಹೋಯಿತು. ಮೂರು ವರ್ಷದ ಮಾತೆಲ್ಲ ಹೊಗೆಯಾಗಿ ಹೋಯಿತು ಅನ್ನಿಸಿ ನಾನು ತಲೆ ತಗ್ಗಿಸಿ ಕೂತೆ. ತಪ್ಪು ಯಾರದೆಂಬ ಚರ್ಚೆ ಮಾತ್ರ ತಕ್ಷಣ ಶುರುವಾಯಿತು. ಪಿಕಪ್ಪು ಸಡಿಲವಾಗಿ ಗಡಗಡ ಅಲ್ಲಾಡಿದ್ದೇ ಕಾರಣ ಎಂದು ಗೌಸ್ ಹೇಳಿದರೆ, ಪಿಕಪ್ಪು ಕೂರಿಸಿದ ಆರ್ಮುಗಂ ಒಪ್ಪಲಿಲ್ಲ. ಅವನು ತನ್ನ ಚೀಲದಿಂದ ಒಂದು ಉದ್ದನೆಯ ಸ್ಕ್ರೂಡ್ರೈವರ್ ತೆಗೆದು, ಅದರ ತುದಿಯನ್ನು ಗಿಟಾರಿನ ಮರಕ್ಕೆ ಊರಿ, ಮರದ ಹಿಡಿಯನ್ನು ತನ್ನ ಕಿವಿಯ ಹಿಂದಿನ ಮೂಳೆಗೆ ಒತ್ತಿಕೊಂಡು, ತಂತಿ ಮೀಟು ಎಂದು ನನಗೆ ಸನ್ನೆ ಮಾಡಿದ. ಕಾರ್ಖಾನೆಯಲ್ಲಿ ಫಿಟ್ಟರುಗಳು ಬೇರಿಂಗ್ ಹಾಳಾಗಿದೆಯೋ ಇಲ್ಲವೋ ಎಂದು ನೋಡುವುದು ಹಾಗೇ. ಮಿಷನ್ನುಗಳ ಗದ್ದಲದಲ್ಲಿ ಬೇರೆ ಹೇಗೂ ಏನೂ ಕೇಳಿಸುವುದಿಲ್ಲ.

ಇದೇನಪ್ಪ ಮಾಡ್ತಿದ್ದೀಯ ಎಂದು ಅಪ್ಪಾಜಿ ಕೇಳಿದರು. ಆರ್ಮುಗಂಗೆ ಸನ್ನೆಯಲ್ಲಿ ವಿವರಿಸಲು ಬರಲಿಲ್ಲ. ಸುಮ್ಮನೆ ಸ್ಕ್ರೂಡ್ರೈವರ್ ಅವರ ಕೈಗೆ ಕೊಟ್ಟು, ತುದಿಯನ್ನು ಗಿಟಾರಿನ ಮೇಲೇ ಊರಿಸಿ, ಹಿಡಿಯನ್ನು ಅವರ ಕಿವಿಯ ಹಿಂದಕ್ಕೆ ಒತ್ತಿ ತೋರಿಸಿದ. ನಾನು ಬೇಸರದಲ್ಲೇ ಒಂದು ತಂತಿ ಮೀಟಿದೆ.

ಅಪ್ಪಾಜಿ ಕಣ್ಣು ಮುಚ್ಚಿದರು. ಕಿವಿ ಹೋದ ಮೇಲೆ ಅವರು ಯಾವಾಗಲೂ ಜೋರಾಗಿಯೇ ಮಾತಾಡುತ್ತಿದ್ದರು. ಆ ದಿನ ಮಾತ್ರ ಮೆಲ್ಲಗೆ, "ಮಾದೇವ, ಇನ್ನೊಂದ್ಸಲ ಹೊಡಿ" ಎಂದರು.

ಹೊಡೆದೆ. ಇನ್ನೊಂದು ತಂತಿ, ಮತ್ತೊಂದು ತಂತಿ ಎಂದರು. ಅವನ್ನೂ ಹೊಡೆದೆ. ಅಮ್ಮ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಗೌಸ್ ಸುಟ್ಟ ಟ್ರಾನ್ಸ್‌ಫಾರ್ಮರನ್ನು ಎದೆಗೆ ಅವುಚಿಕೊಂಡು ಬಾಯಿ ಬಿಟ್ಟು ನೋಡುತ್ತಿದ್ದ. ನನಗೆ ಅಳು ಬಂತು, ಅದನ್ನು ಮುಚ್ಚಿಡಲೂ ಇಲ್ಲ. ಕಿವಿಯ ದಾರಿ ಕೆಟ್ಟವರಿಗೆ ಮೂಳೆಯ ದಾರಿಯಲ್ಲಿ ಸದ್ದು ತಲುಪುವುದುಂಟು ಎಂದು ಆಮೇಲೆ ಡಾಕ್ಟರು ಹೇಳಿದರು. ಆ ಡಾಕ್ಟರ ಹತ್ತಿರ ಮೂರು ವರ್ಷ ಮೊದಲೇ ಹೋಗಬಹುದಿತ್ತು. ನಾವು ವಾಲ್ವುಗಳ ಬಗ್ಗೆ ಮಾತಾಡುತ್ತಿದ್ದೆವಲ್ಲ, ಪುರುಸೊತ್ತಾಗಲಿಲ್ಲ.

ಅಪ್ಪಾಜಿ ಕಣ್ಣು ತೆರೆದು, "ಎರಡನೇ ತಂತಿ ಇಳಿದಿದೆ, ಐದನೇದು ಏರಿದೆ. ಷಡ್ಜ ಎಲ್ಲಿಂದ ತಂದೆ?" ಎಂದು ಕೇಳಿದರು. ಭದ್ರಾವತಿಯಿಂದ ಎಂದು ಹೇಳುವ ಧೈರ್ಯ ಬರಲಿಲ್ಲ. ಅವರು ಸ್ಕ್ರೂಡ್ರೈವರ್ ಕೆಳಗಿಡದೆ, ಒಂದು ಕೈಯಲ್ಲೇ ಬಿರಡೆ ತಿರುಗಿಸಿ ತಿರುಗಿಸಿ ಆರೂ ತಂತಿಗಳನ್ನು ಸೇರಿಸಿದರು. ನನ್ನ ಗಿಟಾರು ನಿಜವಾಗಿ ಹೇಗೆ ನುಡಿಯುತ್ತದೆಂದು ನನಗೆ ಗೊತ್ತಾದದ್ದು ಆಗಲೇ. ಆಮೇಲೆ ಅದನ್ನು ನನ್ನ ತೊಡೆಯ ಮೇಲಿಟ್ಟು, ಸ್ಕ್ರೂಡ್ರೈವರಿನ ತುದಿಯನ್ನು ಅದರ ಮರಕ್ಕೆ ಊರಿ, ಹಿಡಿಯನ್ನು ಕಿವಿಯ ಹಿಂದೆ ಭದ್ರವಾಗಿ ಒತ್ತಿಕೊಂಡು, ಸರಿಯಾಗಿ ಚಕ್ಕಂಬಕ್ಕಳ ಹಾಕಿ ಕೂತರು.

"ಹ್ಞೂ, ಈಗ ನುಡಿಸು."

ನಾನು ಗೌಸನ ಮುಖ ನೋಡಿದೆ. ಗೌಸ್ ಆರ್ಮುಗಂನ ಮುಖ ನೋಡಿದ. ಆರ್ಮುಗಂ ಪೆಡಲ್ ನೋಡಿದ. ತಂತಿ, ಪಿಕಪ್ಪು, ವಾಲ್ವು, ಪೆಡಲ್ ಎಲ್ಲದರ ಬಗ್ಗೆ ಮೂರು ವರ್ಷ ಯೋಚಿಸಿದ್ದೆವು. ಏನು ನುಡಿಸುವುದು ಎಂದು ಮೂವರಲ್ಲಿ ಒಬ್ಬರಿಗೂ ಒಂದು ದಿನವೂ ಹೊಳೆದಿರಲಿಲ್ಲ. ಅಪ್ಪಾಜಿ ಕಾಯುತ್ತಿದ್ದರು. ಬೇರೆ ದಾರಿಯಿಲ್ಲದೆ ನಾನು ಸರಿಗಮ ನುಡಿಸಿದೆ, ಮೇಲೆ ಹೋಗುವಾಗ ಒಂದು ಕಡೆ ತಪ್ಪಿದೆ, ಕೆಳಗೆ ಬರುವಾಗ ಎರಡು ಕಡೆ. ಅವರು ತೊಡೆಯ ಮೇಲೆ ತಾಳ ಹಾಕುತ್ತಾ ಪೂರ್ತಿ ಕೇಳಿದರು.

"ಇಷ್ಟೇನಾ?"

ಇಷ್ಟೇ ಎಂದು ತಲೆ ಆಡಿಸಿದೆ. ಅದಕ್ಕೆ ಕಿವಿ ಬೇಕಾಗಿರಲಿಲ್ಲ.

"ಪರವಾಗಿಲ್ಲ. ನಾಳೆ ಬೆಳಿಗ್ಗೆ ಐದಕ್ಕೆ ಏಳು" ಎಂದರು. ಆರ್ಮುಗಂನ ಸ್ಕ್ರೂಡ್ರೈವರನ್ನು ಅವರು ವಾಪಸು ಕೊಡಲಿಲ್ಲ. ಅವನೂ ಕೇಳಲಿಲ್ಲ.

ಅಂದಿನಿಂದ ಅವರು ಇದ್ದಷ್ಟು ದಿನವೂ ಬೆಳಿಗ್ಗೆ ಐದಕ್ಕೆ ಏಳಿಸಿ, ಎದುರು ಕೂರಿಸಿಕೊಂಡು ನನಗೆ ಪಾಠ ಹೇಳಿದರು. ಅವರ ಮುಖದಲ್ಲಿ ಹಳೆಯ ಸೋಮವಾರದ ಕಳೆ ವಾಪಸು ಬಂದದ್ದನ್ನು ಕಂಡು ಅಮ್ಮ ಹೊಲಿಗೆ ಮಿಷನ್ನಿನ ವಿಷಯ ಮರೆತಳು. ನನ್ನ ಪಾಡು ಮಾತ್ರ ಕೇಳುವವರಿಲ್ಲ. ಊರಿನಲ್ಲಿ ಬೇರೆಯವರೆಲ್ಲ ಕಿವಿಯಿಂದ ಕೇಳುತ್ತಿದ್ದರು, ಅಲ್ಪಸ್ವಲ್ಪ ತಪ್ಪು ಗಾಳಿಯಲ್ಲಿ ತೇಲಿಹೋಗುತ್ತಿತ್ತು. ಅಪ್ಪಾಜಿಗೆ ಮಾತ್ರ ನನ್ನ ಒಂದೊಂದು ತಪ್ಪೂ ನೇರ ಮೂಳೆಗೇ ತಾಗುತ್ತಿತ್ತು. ಚಳಿಗಾಲದ ಎಷ್ಟೋ ಮುಂಜಾವು ಹೊದಿಕೆಯೊಳಗಿಂದ ಏಳಲಾರದೆ ಏಳುವಾಗ, ಆ ಟೀ ಪೆಟ್ಟಿಗೆಯ ಆಂಪ್ಲಿಫೈಯರೇ ಕೆಲಸ ಮಾಡಿಬಿಟ್ಟಿದ್ದರೆ ಚೆನ್ನಾಗಿತ್ತು ಅನ್ನಿಸಿದ್ದುಂಟು. ಅದಕ್ಕಾದರೆ ಆರಿಸಲು ಒಂದು ಸ್ವಿಚ್ಚಾದರೂ ಇತ್ತು.