ದಪ್ಪ ನಡುವಿನ ರೀಲು

ಟರ್ರ್... ಟರ್ರ್... ಟರ್ರ್! ಡಾಟ್‌ಕಾಮ್ ಕಾಲದಲ್ಲಿ ಬೇ ಏರಿಯಾದ ಎಲ್ಲರ ಮನೆಯಲ್ಲೂ ಮೋಡೆಮ್ ಕಿರುಚುತ್ತಿದ್ದರೆ, ನಾನೂ ಉಳಿದುಕೊಂಡಿದ್ದ ನೆವಾರ್ಕಿನ ನಮ್ಮಕ್ಕನ ಮನೆಯಲ್ಲಿ ಅದರ ಜೊತೆಗೆ ಈ ಸದ್ದೂ ಇತ್ತು. ನೋಡಿ ವಾಪಸ್ ಕೊಡುತ್ತೇನೆಂದು ಅಂಗಡಿಯಿಂದ ತಂದ ಮೀನು ಹಿಡಿಯುವ ರೀಲನ್ನು ಭಾವ ಡೈನಿಂಗ್ ಟೇಬಲ್ಲಿನ ಮೇಲಿಟ್ಟು ತಿರುಗಿಸುವ ಸದ್ದು. ಒಂದು ಮೀನಿನ ಬಾಲವನ್ನೂ ಕಾಣದೆ ಮೀನುಗಾರಿಕೆಯಲ್ಲಿ ಡಾಕ್ಟರೇಟ್ ಮುಗಿಸಿದವರು ಈ ಜಗತ್ತಿನಲ್ಲಿ ಇದ್ದರೆ ಅದು ನಮ್ಮ ಭಾವ ಒಬ್ಬರೇ!

ಹಾಸನದ ಈ ಅಪ್ಪಟ ಸಸ್ಯಾಹಾರಿಗೆ ಹುಚ್ಚು ಹಿಡಿಸಿದವರು ಪಕ್ಕದ ಮನೆಯ ಅಮೆರಿಕನ್ ಅಜ್ಜ, ರಿಟೈರ್ಡ್ ಪೋಸ್ಟ್‌ಮ್ಯಾನ್. ದಾರದ ತುದಿಗೆ ನಕಲಿ ನೊಣ ಕಟ್ಟಿ, ಗಾಳಿಯಲ್ಲಿ ಬೀಸಿ ನೀರಿಗೆ ಎಸೆಯುವ ಫ್ಲೈ ಫಿಶಿಂಗ್ ವಿದ್ಯೆಯನ್ನು ಅವರು ಬ್ಯಾಕ್‌ಯಾರ್ಡಿನ ಹುಲ್ಲಿನ ಮೇಲೆಯೇ ಕಲಿಸಿದರು. ಮೊದಲ ಪಾಠದ ದಿನ ಭಾವ ಗುರುವಿನ ಕಾಲು ಮುಟ್ಟಲು ಬಗ್ಗಿದರೆ, ಪಾಪ, ಅಜ್ಜ ತಾವೂ ಬಗ್ಗಿ, "ವಾಟ್ ಡಿಡ್ ಯು ಡ್ರಾಪ್?" ಎಂದು ಹುಲ್ಲಿನಲ್ಲಿ ಹುಡುಕತೊಡಗಿದರು. ನಿಜ ಹೇಳಲು ಭಾವನಿಗೆ ನಾಚಿಕೆ. ಇಬ್ಬರೂ ಸೇರಿ ಹತ್ತು ನಿಮಿಷ ಹುಡುಕಿದರು!

ಆ ವರ್ಷ ಅಕ್ಟೋಬರ್ ಕೊನೆಗೆ ಅಜ್ಜ ಮನೆ ಖಾಲಿ ಮಾಡಿ, ಬೇರೆ ಸ್ಟೇಟಿನಲ್ಲಿದ್ದ ಮಗಳ ಮನೆಗೆ ಹೋಗುವವರಿದ್ದರು. ಅದಕ್ಕೆ ಮೊದಲು ಶಿಷ್ಯನನ್ನು ಒಂದೇ ಒಂದು ಸಲ ಬೆಟ್ಟದ ಮೇಲಿನ ಹೊಳೆಗೆ ಕರೆದೊಯ್ಯುವ ಮಾತಾಗಿತ್ತು. ಷರತ್ತು ಒಂದೇ. ಸ್ವಂತ ರೀಲು ತರಬೇಕು. "ಹಲ್ಲಿನ ಸೆಟ್ಟು, ರೀಲು, ಇವೆರಡನ್ನೂ ನಾನು ಯಾರಿಗೂ ಲೋನ್ ಕೊಡಲ್ಲ" ಎಂದು ಇಂಗ್ಲಿಷಿನಲ್ಲಿ ಗದರಿದ್ದರು.

ಹೋಗಿ ಒಂದು ರೀಲು ತಂದರೆ ಮುಗಿಯಿತಲ್ಲವೇ? ಎಲ್ಲಿ ಬಂತು! ರೀಲಿನಲ್ಲಿ ದಾರ ಸುತ್ತಿಕೊಳ್ಳುವ ನಡುಭಾಗಕ್ಕೆ ಆರ್ಬರ್ ಎನ್ನುತ್ತಾರಂತೆ. ರೆಗ್ಯುಲರ್ ಆದರೆ ನಡು ಸಣ್ಣ. ದಾರ ಬೇಕಾದಷ್ಟು ಹಿಡಿಯುತ್ತದೆ, ಬಿಚ್ಚಿದಾಗ ಮಾತ್ರ ಚಕ್ಕುಲಿಯ ಹಾಗೆ ಸುರುಳಿ ಸುರುಳಿ. ಲಾರ್ಜ್ ಆದರೆ ನಡು ದಪ್ಪ. ಕೆಲವೇ ಸುತ್ತಿಗೆ ದಾರ ಸರಸರನೆ ಒಳಗೆ ಬರುತ್ತದೆ, ಹಿಡಿಯುವುದು ಮಾತ್ರ ಕಡಿಮೆ. ಜೂನಿನಲ್ಲಿ ಶುರುವಾದ ಈ ಸೊಂಟದ ಜಿಜ್ಞಾಸೆ ಸೆಪ್ಟೆಂಬರ್ ಬಂದರೂ ಮುಗಿಯಲಿಲ್ಲ. ಅದು ಎಂಥ ಕಾಲ ಎನ್ನುತ್ತೀರಿ? ಎರಡು ಗುಟುಕು ಕಾಫಿಯ ನಡುವೆ ಜನ ಒಂದು ಕಂಪನಿ ಬಿಟ್ಟು ಇನ್ನೊಂದು ಸೇರುತ್ತಿದ್ದರು. ಭಾವನ ಸ್ಟಾರ್ಟಪ್ಪು ತನ್ನ ಹೆಸರು, ಲೋಗೋ, ಭವಿಷ್ಯ ಮೂರನ್ನೂ ಒಂದು ಪಿಜ್ಜಾ ಆರುವುದರೊಳಗೆ ಬದಲಿಸಿತ್ತು. ಅಲ್ಲಿ ಕೈ ಎತ್ತಿ ಸೈ ಎಂದ ಮನುಷ್ಯ, ಮನೆಯಲ್ಲಿ ರೀಲಿಗೆ ಹದಿನೆಂಟು ಕಾಲಮ್ಮಿನ ಸ್ಪ್ರೆಡ್‌ಶೀಟು ಹಾಕಿ ಕುಳಿತಿದ್ದರು! ನಮ್ಮ ಕಾನ್ವೆಂಟಿನ ಸಿಸ್ಟರುಗಳು "ಮೇಕ್ ಅಪ್ ಯುವರ್ ಮೈಂಡ್, ಚೈಲ್ಡ್" ಎಂದು ಬೆರಳಗಂಟಿಗೆ ಸ್ಕೇಲಿನಲ್ಲಿ ಬಾರಿಸುತ್ತಿದ್ದರು. ಭಾವನಿಗೆ ಆ ಭಾಗ್ಯ ಸಿಕ್ಕಿರಲಿಲ್ಲ.

ಪ್ರತಿ ಶನಿವಾರ ವಾಲ್ನಟ್ ಕ್ರೀಕಿನ ಅಂಗಡಿಗೆ ತೀರ್ಥಯಾತ್ರೆ. ಒಮ್ಮೆ ನಾನೂ ಹೋಗಿದ್ದೆ. ಸಂತೆಯಲ್ಲಿ ತೆಂಗಿನಕಾಯಿ ಆರಿಸುವವರ ಹಾಗೆ ಭಾವ ಒಂದೊಂದೇ ರೀಲನ್ನು ಬೆರಳಿನಿಂದ ತಟ್ಟಿ, ಕಿವಿಗಿಟ್ಟುಕೊಂಡು, ಕಣ್ಣು ಮುಚ್ಚಿ ಕೇಳುತ್ತಿದ್ದರು. ಅಂಗಡಿಯಾಕೆ ಬಂದು ಮೆಲ್ಲಗೆ ಹೇಳಿದಳು: "ಸರ್, ಇಟ್ಸ್ ನಾಟ್ ರಿಂಗಿಂಗ್."

ಅಕ್ಕನ ಸಹನೆ ಒಂದು ಬೆಳಗ್ಗೆ ದೋಸೆಯ ಜೊತೆ ಸೀದುಹೋಯಿತು.

"ರೀ, ನನ್ನ ನೋಡೋಕೆ ಬಂದಾಗ ಉಪ್ಪಿಟ್ಟು ಮುಗಿಯೋದ್ರಲ್ಲಿ ಹೂಂ ಅಂದ್ಬಿಟ್ರಿ. ಈ ರಾಟೆಗೆ ನಾಕು ತಿಂಗಳಾ?"

"ಅವತ್ತು ಎರಡು ಮಾಡೆಲ್ ತೋರಿಸ್ಲಿಲ್ವಲ್ಲೇ!"

ಬಾಗಿಲ ಹಿಂದೆ ರಿಬ್ಬನ್ ಕಟ್ಟಿಕೊಂಡು ನಿಂತಿದ್ದ ನನ್ನನ್ನು ಇವರು ಲೆಕ್ಕಕ್ಕೇ ಇಟ್ಟಿರಲಿಲ್ಲ ನೋಡಿ!

ಅಕ್ಕ ಅಷ್ಟಕ್ಕೇ ಬಿಡಲಿಲ್ಲ. "ಅದೂ ತಿನ್ನೋಕಾದ್ರೆ ಒಂದು ಮಾತು. ಹಿಡಿದು ಬಿಡೋಕೆ! ಪಾಪದ ಮೀನಿಗೆ ಮುಳ್ಳು ಚುಚ್ಚಿ, ಸಾರಿ ಅಂತ ಹೇಳಿ ವಾಪಸ್ ಕಳ್ಸೋದ್ಯಾವ ಪುಣ್ಯ ರೀ?"

ಭಾವ ರೀಲು ಕೈಗೆತ್ತಿಕೊಂಡರು. ಟರ್ರ್ ಎಂದು ತಿರುಗಿಸಿದರು, ಅಷ್ಟೆ.

ಅಕ್ಟೋಬರ್ ಬಂತು. ಬೇಲಿಯಾಚೆಯಿಂದ ಅಜ್ಜ, "ಡಿಸೈಡ್ ಮಾಡಿದೆಯಾ?" ಎಂದು ಕೇಳುವುದು, ಈಚೆಯಿಂದ ಭಾವ, "ನೆಕ್ಸ್ಟ್ ವೀಕ್" ಎನ್ನುವುದು. ಇದ್ದಕ್ಕಿದ್ದಂತೆ ಅಜ್ಜನಿಗೆ ಮಗಳ ಫೋನು ಬಂತು. ಎರಡು ವಾರ ಮೊದಲೇ, ಸೋಮವಾರಕ್ಕೇ ವ್ಯಾನು ತರುತ್ತಾಳಂತೆ. ಹೊಳೆಯ ಕಥೆ ಮುಗಿಯಿತು. ಅಕ್ಕನಿಗೆ ಅಳುವೇ ಬಂತು.

"ಆ ಅಜ್ಜ ನಿಮಗೋಸ್ಕರ ಕಾದೂ ಕಾದೂ ಹೊರಟ್ರು. ಕಲ್ಲು ರೀ ನೀವು!"

ಭಾವ ಮೆಲ್ಲಗೆ ಹೇಳಿದರು. "ಅವರ ಬೆರಳು ಮಡಚೋಕೇ ಆಗ್ತಿಲ್ಲ ಕಣೇ. ಜುಲೈಯಿಂದ. ಆರ್ಥ್ರೈಟಿಸ್ಸು. ಷರ್ಟ್ ಬಟನ್ ಹಾಕೊಳ್ಳೋಕೂ ಕಷ್ಟ. ನಾನು ರೀಲು ತಂದ್ಬಿಟ್ಟಿದ್ರೆ, ನನ್ನ ಕೈಲಾಗಲ್ಲ ಅಂತ ಅವರು ಬಾಯಿಬಿಟ್ಟು ಹೇಳ್ಬೇಕಾಗ್ತಿತ್ತು. ನಂದೇ ತಡ ಅಂತಾದ್ರೆ ಅವರಿಗೇನೂ ಅವಮಾನ ಇಲ್ವಲ್ಲ."

ಅಕ್ಕ ಸೌಟು ಕೆಳಗಿಟ್ಟಳು.

ಶನಿವಾರ ಭಾವ ವಾಲ್ನಟ್ ಕ್ರೀಕಿಗೆ ಹೋಗಿ ಐದೇ ನಿಮಿಷದಲ್ಲಿ ಲಾರ್ಜ್ ಆರ್ಬರ್ ಕೊಂಡು ತಂದರು. ಭಾನುವಾರ ಬೆಳಗ್ಗೆ ನಾವು ಮೂವರೂ ಅಜ್ಜನನ್ನು ಕರೆದುಕೊಂಡು ಪಾರ್ಕಿನ ಕೆರೆಗೆ ಹೋದೆವು. ಅಜ್ಜನನ್ನು ಮಡಚುವ ಕುರ್ಚಿಯಲ್ಲಿ ಕೂರಿಸಿ, ಭಾವ ದಾರವನ್ನು ದೂರಕ್ಕೆ ಬೀಸಿ ಎಸೆದರು. ಆಮೇಲೆ ಅಜ್ಜನ ಪಕ್ಕದಲ್ಲಿ ಮಂಡಿಯೂರಿ, ರೀಲು ಸಿಕ್ಕಿಸಿದ್ದ ಗಾಳದ ಕೋಲನ್ನು ತಾವೇ ಹಿಡಿದು, ರೀಲಿನ ಹಿಡಿಯನ್ನು ಅವರತ್ತ ತಿರುಗಿಸಿದರು. ಬೆರಳು ಬಗ್ಗದ ಅಜ್ಜ ಅಂಗೈಯಿಂದಲೇ ಅದನ್ನು ತಳ್ಳಿದರು. ಕೆಲವೇ ಸುತ್ತು. ದಾರ ನೀರನ್ನು ಸೀಳಿಕೊಂಡು ದಡಕ್ಕೆ ಬಂತು. ತುದಿಯಲ್ಲಿ ಮೀನೂ ಇಲ್ಲ, ಏನೂ ಇಲ್ಲ.

ಮರುದಿನ ನಾನು ಏಳುವುದರೊಳಗೆ ವ್ಯಾನು ಹೋಗಿತ್ತು. ಹಾಗಾಗಿ ಅಜ್ಜನನ್ನು ನಾನು ಕೊನೆಯ ಸಲ ನೋಡಿದ್ದು ಆ ಕೆರೆಯ ದಡದಲ್ಲಿ. ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ಭಾವನ ಹೆಗಲು ತಟ್ಟಿ, "ಅಗೇನ್" ಎನ್ನುತ್ತಿದ್ದರು.