ಗುಂಡಣ್ಣನಿಗೆ ಬಿಸಿ ಊಟ

ನಮ್ಮ ಚರ್ಚಿನಲ್ಲಿ ಪ್ರತಿ ಭಾನುವಾರ ಎಲ್ಲರೂ ಎದ್ದು ನಿಂತು ಒಂದೇ ದನಿಯಲ್ಲಿ ಪಾಪ ಅರಿಕೆ ಮಾಡುತ್ತೇವೆ. ಬಹಳ ಅನುಕೂಲದ ಪದ್ಧತಿ. ಅಷ್ಟೂ ಜನ ಒಟ್ಟಿಗೆ ಹೇಳುವಾಗ ಯಾರ ಪಾಪ ಯಾವುದೆಂದು ಪಕ್ಕದವನಿಗೂ ತಿಳಿಯುವುದಿಲ್ಲ. ಎಲ್ಲರದೂ ಕಲೆತು ನುಣ್ಣಗೆ ಹಿಟ್ಟಾಗಿಬಿಡುತ್ತದೆ. ನಾನು ನವನಗರದಲ್ಲಿ ಹಿಟ್ಟಿನ ಗಿರಣಿ ನಡೆಸುವವನು, ಓದಿದ್ದು ಏಳನೆಯ ಇಯತ್ತೆ. ಬೇರೆ ಹೋಲಿಕೆ ಬರುವುದಿಲ್ಲ. ಆದರೆ ಹೋದ ಚಳಿಗಾಲದಲ್ಲಿ ಮಾಡಿದ ಒಂದು ತಪ್ಪು ಮಾತ್ರ ಎಷ್ಟು ಭಾನುವಾರ ಬೀಸಿದರೂ ನುಣ್ಣಗಾಗಲಿಲ್ಲ. ಅದು ನನ್ನ ತಂಗಿ ಕರುಣಾ ಸಾಕಿದ ಹಾವಿನ ವಿಷಯ.

ಕರುಣಾ ವಿದ್ಯಾನಗರದ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಾಳೆ. ಹಾವು ಪರದೇಶದ ತಳಿಯ ಚಿಕ್ಕ ಹೆಬ್ಬಾವು. ವಿಷವಿಲ್ಲ. ಕಾಗದಪತ್ರಗಳೆಲ್ಲ ಸರಿಯಾಗಿವೆ, ನನ್ನವುಗಳಿಗಿಂತ ಸರಿಯಾಗಿವೆ. ಹೆದರಿದರೆ ತಲೆಯನ್ನು ಒಳಗಿಟ್ಟು ಚೆಂಡಿನಂತೆ ಸುತ್ತಿಕೊಳ್ಳುತ್ತದೆಂದು ಅದಕ್ಕೆ ಗುಂಡಣ್ಣ ಎಂದು ಹೆಸರು. ಬೈಬಲಿನಲ್ಲಿ ಮೊದಲ ಹೆಂಗಸನ್ನು ಮಾತಾಡಿ ಮರುಳು ಮಾಡಿದ್ದು ಹಾವು; ಕ್ರೈಸ್ತರ ಮನೆಯಲ್ಲಿ ಹಾವೇ ಎಂದು ಸಭೆಯ ಹಿರಿಯರೊಬ್ಬರು ಒಮ್ಮೆ ಹುಬ್ಬೇರಿಸಿದ್ದರು. ಅವ್ವ, "ನಮ್ಮ ಹಾವು ಏನೂ ಮಾತಾಡಂಗಿಲ್ರಿ" ಎಂದು ಚಹಾ ಕೊಟ್ಟು ಕಳಿಸಿದಳು.

ಗುಂಡಣ್ಣನ ಊಟ ಫ್ರೀಜರಿನ ಒಂದು ಡಬ್ಬಿಯಲ್ಲಿರುತ್ತದೆ. ಕಲ್ಲಿನಂತೆ ಗಟ್ಟಿಯಾದ ಸತ್ತ ಇಲಿಗಳು. ಒಂದನ್ನು ತೆಗೆದು, ಕರಗಿಸಿ, ಬೆಚ್ಚನೆಯ ನೀರಿನಲ್ಲಿಟ್ಟು, ಮೈ ಬಿಸಿಯಾದ ಮೇಲೆ ಇಕ್ಕಳದಲ್ಲಿ ಹಿಡಿದು ಅದರ ಮುಂದೆ ಆಡಿಸಬೇಕು. ಹತ್ತು ದಿನದ ತರಬೇತಿಗೆಂದು ಮೈಸೂರಿಗೆ ಹೊರಟಾಗ ಕರುಣಾ ಈ ಕೆಲಸವನ್ನು ನನಗೆ ಒಪ್ಪಿಸಿದಳು. ಜೀವಂತ ಇಲಿ ಮಾತ್ರ ಬೇಡವೆಂದು ಎರಡು ಸಲ ಹೇಳಿದಳು. ಯಾಕೆಂದು ನಾನು ಕೇಳಲಿಲ್ಲ. ಓದಿದ ತಂಗಿಗೆ 'ಯಾಕೆ' ಎಂದರೆ ಅರ್ಧ ತಾಸು ಪಾಠ ಕೇಳಬೇಕಾಗುತ್ತದೆ.

ಮೊದಲ ಸಲ ಇಲಿ ಆಡಿಸಿದಾಗ ಗುಂಡಣ್ಣ ಮುಖ ತಿರುಗಿಸಿದ. ನಾಲ್ಕು ದಿನ ಬಿಟ್ಟು ಮತ್ತೆ ಆಡಿಸಿದೆ, ಮತ್ತೆ ತಿರುಗಿಸಿದ. ಚಳಿಗೆ ಅವು ವಾರಗಟ್ಟಲೆ ಉಣ್ಣದೆ ಇರುತ್ತವೆಂದು ನನಗೇನು ಗೊತ್ತು? ಗೊತ್ತಿದ್ದದ್ದು ಒಂದೇ: ನಮ್ಮ ಮನೆಯಲ್ಲಿ ಯಾರಿಗೂ ತಂಗಳು ಬಡಿಸುವ ರೂಢಿಯಿಲ್ಲ. ಸಿಲಿಂಡರ್ ಹೊತ್ತು ತಂದವನಿಗೂ ಅವ್ವ ಬಿಸಿ ರೊಟ್ಟಿ ಬಡಿದು ಕೊಡುತ್ತಾಳೆ. ಎಂದೋ ಸತ್ತ ಇಲಿಯನ್ನು ಕಾಸಿ ಕೊಟ್ಟರೆ ಮಾನವಿದ್ದ ಪ್ರಾಣಿ ಉಂಡೀತೇ? ಮರುದಿನ ಬೆಳಿಗ್ಗೆ ಗಿರಣಿಯ ಬೋನಿನಲ್ಲಿ ಒಂದು ಇಲಿ ಬಿದ್ದಿತ್ತು. ತಂದು ಗುಂಡಣ್ಣ ಇರುವ, ತಂತಿ ಜಾಳಿಗೆಯ ಮುಚ್ಚಳದ ಪೆಟ್ಟಿಗೆಗೆ ಬಿಟ್ಟೆ. ಇಲಿಯ ಮುಖ ನೋಡಿ ಪಾಪ ಅನ್ನಿಸಿತು. ಇರುವಷ್ಟು ಹೊತ್ತು ಅದಾದರೂ ಹಸಿದಿರಬಾರದೆಂದು ಒಂದು ಹಿಡಿ ಜೋಳ ಹಾಕಿ ಗಿರಣಿಗೆ ಹೋದೆ.

ಮಧ್ಯಾಹ್ನ ಬಂದು ನೋಡಿದರೆ ಜೋಳ ಮುಗಿದಿತ್ತು. ಇಲಿ ಗುಂಡಣ್ಣನ ಮೇಲೆಯೇ ಕುಳಿತು ಮೀಸೆ ಒರೆಸಿಕೊಳ್ಳುತ್ತಿತ್ತು. ಗುಂಡಣ್ಣ ಚೆಂಡಾಗಿದ್ದ, ಬೆನ್ನ ಮೇಲೆ ಎರಡು ಕಡೆ ಕಚ್ಚಿ ಹರಿದ ಗಾಯ. ಹಾವು ಕಚ್ಚಿದರೆ ಏನು ಮಾಡಬೇಕೆಂದು ಶಾಲೆಯಲ್ಲಿ ಹೇಳಿಕೊಟ್ಟಿದ್ದರು. ಹಾವನ್ನೇ ಕಚ್ಚಿದರೆ ಏನು ಮಾಡಬೇಕೆಂಬುದು ಏಳನೆಯ ಇಯತ್ತೆಯವರೆಗೆ ಬಂದಿರಲಿಲ್ಲ. ಇಲಿಯನ್ನು ಬಯಲಿಗೆ ಬಿಟ್ಟು, ಗಾಯಕ್ಕೆ ಅರಿಸಿನ ಮೆತ್ತಿದೆ. ಕರುಣಾ ಬರುವ ಹೊತ್ತಿಗೆ ಅದು ಕೀವು ತುಂಬಿ, ಏನಾಗಿದೆಯೆಂದೇ ತಿಳಿಯದಂತಾಗಿತ್ತು. ಮುಚ್ಚಳದ ಜಾಳಿಗೆಗೆ ಉಜ್ಜಿಕೊಂಡಿತು ಎಂದೆ. ಅಣ್ಣ ಹೇಳಿದನೆಂದು ನಂಬಿದಳು.

ಬೈದಿದ್ದರೆ ಬದುಕುತ್ತಿದ್ದೆ. ಅವಳು ತನ್ನನ್ನೇ ಬೈದುಕೊಂಡಳು. ದಿನಾ ಗಾಯ ತೊಳೆದು ಮುಲಾಮು ಹಚ್ಚಿದಳು. ಅಂಗಳದಲ್ಲಿ ಕುಳಿತು ಜಾಳಿಗೆಯ ಅಂಚುಗಳನ್ನೆಲ್ಲ ಉಜ್ಜಿ ನಯ ಮಾಡಿದಳು. ಅದಕ್ಕೆ ಗಿರಣಿಯಿಂದ ಅರ ತಂದುಕೊಟ್ಟವನೂ ನಾನೇ.

ಗಾಯ ಮಾಯ್ದ ಮೇಲೆ ಒಂದು ದಿನ ಗುಂಡಣ್ಣನನ್ನು ಬಟ್ಟೆಯ ಚೀಲದಲ್ಲಿ ಕಟ್ಟಿಕೊಂಡು ಹೊರಟು ನಿಂತಿದ್ದಳು. ಧಾರವಾಡದ ಗೆಳತಿಗೆ ಕೊಟ್ಟುಬಿಡುತ್ತಾಳಂತೆ. "ಒಂದು ಪೆಟಗಿ ನೆಟ್ಟಗ ಇಡಾಕ ಬರಲಿಲ್ಲ ನನಗ. ನನ್ನಂಥಾಕಿ ಸಾಕಬಾರದಣ್ಣಾ" ಎಂದಳು. ಕಣ್ಣು ತುಂಬಿದ್ದವು.

"ಜಾಳಿಗಿ ಅಲ್ಲ ತಂಗೀ," ಎಂದೆ. "ಇಲಿ. ಗಿರಣ್ಯಾಗಿಂದು. ಜೀವಂತ."

ಅವಳು ಚೀಲ ಹಿಡಿದುಕೊಂಡೇ ಕುಳಿತಳು. ಇನ್ನೇನು ಮುಚ್ಚಿಡುವುದೆಂದು ಜೋಳದ ವಿಷಯವನ್ನೂ ಹೇಳಿದೆ. ಅದನ್ನು ಹೇಳಬಾರದಿತ್ತು.

"ಇದರ ಬಾಯಾಗ ಅಷ್ಟು ಹಲ್ಲು ಅದಾವ, ಆದ್ರೂ ಸುಮ್ನ ಕಚ್ಚಿಸ್ಕೊಂತು," ಎಂದಳು. "ನಿನ್ನ ಬಾಯಾಗ ಒಂದು ಖರೇ ಮಾತು ಇದ್ದಿದ್ದಿಲ್ಲೇನು?"

ಎಂಟು ದಿನ ಮಾತು ಬಿಟ್ಟಳು. ಗುಂಡಣ್ಣ ಮಾತ್ರ ಮನೆಯಲ್ಲೇ ಉಳಿದ; ಬೇಸಿಗೆಯ ಬಿಸಿಲು ಏರಿದ ಮೇಲೆ ಫ್ರೀಜರಿನ ಇಲಿಯನ್ನೇ ಗಬಕ್ಕನೆ ಹಿಡಿದು ಉಂಡ. ಈಗ ಕರುಣಾ ಪರಊರಿಗೆ ಹೋದರೆ ಇಕ್ಕಳ ಅವ್ವನ ಕೈಗೆ ಬರುತ್ತದೆ. ಅವ್ವ ಮುಖವನ್ನು ಗೋಡೆಯ ಕಡೆ ತಿರುಗಿಸಿ, ಪ್ರಾರ್ಥನೆ ಹೇಳುತ್ತ ಇಲಿ ಆಡಿಸುತ್ತಾಳೆ. ಆಮೇಲೆ ಫೋನಿನಲ್ಲಿ ಕರುಣಾ ಮೊದಲು ವಿಚಾರಿಸುವುದು ಹಾವನ್ನಲ್ಲ, ನನ್ನನ್ನು; ಊಟದ ಹೊತ್ತಿನಲ್ಲಿ ಅಣ್ಣ ಎಲ್ಲಿದ್ದ ಎಂದು.

"ಬಾಗಲದ ಹೊರಗ ನಿಂದರಿಸಿದ್ದೆ ತಗೋ" ಎನ್ನುತ್ತಾಳೆ ಅವ್ವ.

ನಿಂತಿರುತ್ತೇನೆ.